ಒಂದು ಒತ್ತಕ್ಷರದ ಪ್ರಕರಣ

ಕಾಗದದ ಮೇಲೆ ‘ಅಗ್ರೇ’ ಎಂದು ಬರೆದು, ಅದರ ಕೆಳಗೆ ‘ಅಗ್ನೇಃ’ ಎಂದು ಬರೆದು ನೋಡಿ. ಗಕಾರದ ಅಡಿಯಲ್ಲಿದ್ದ ರಕಾರದ ಒತ್ತು ಹೋಗಿ ನಕಾರದ ಒತ್ತು ಬಂದಿದೆ, ಕೊನೆಗೆ ವಿಸರ್ಗದ ಎರಡು ಸೊನ್ನೆ ಸೇರಿವೆ. ಮೊದಲನೆಯ ಪದಕ್ಕೆ ‘ಮೊದಲಿಗೆ, ಮುಂದಾಗಿ’ ಎಂದು ಅರ್ಥ. ಎರಡನೆಯದಕ್ಕೆ ‘ಬೆಂಕಿಯ’ ಎಂದು. ಋಗ್ವೇದದ ಹತ್ತನೆಯ ಮಂಡಲ, 18ನೆಯ ಸೂಕ್ತ, 7ನೆಯ ಋಕ್ಕು ಮೊದಲನೆಯ ಪದದಿಂದ ಮುಗಿಯುತ್ತದೆ. ಗಂಡನ ಚಿತೆಯನ್ನು ಏರುವುದು ಹೆಂಡತಿಯ ಧರ್ಮ ಎಂದು ವಾದಿಸಿದವರ ಕೈಯಲ್ಲಿ ಅದು ಎರಡನೆಯ ಪದದಿಂದ ಮುಗಿಯಿತು.

ಹೆಣ್ಣು ಹೀಗಿರಬೇಕು, ಗಂಡು ಹಾಗಿರಬೇಕು ಎಂದು ಧರ್ಮ ಹೇಳುವ ಮಾತು ದೇವರದೋ ಮನುಷ್ಯರದೋ ಎಂಬ ಚರ್ಚೆ ಸಾಮಾನ್ಯವಾಗಿ ಗಾಳಿಯಲ್ಲೇ ನಡೆದುಹೋಗುತ್ತದೆ. ಒಬ್ಬರು ‘ಶಾಸ್ತ್ರ’ ಎನ್ನುತ್ತಾರೆ, ಇನ್ನೊಬ್ಬರು ‘ಪುರೋಹಿತಶಾಹಿ’ ಎನ್ನುತ್ತಾರೆ. ಪುಸ್ತಕವನ್ನು ಇಬ್ಬರೂ ತೆರೆದಿರುವುದಿಲ್ಲ. ಈ ಪ್ರಕರಣದಲ್ಲಿ ತೆರೆದು ನೋಡಲು ಒಂದು ಪುಟವಿದೆ. ಅದೂ ಎಂಥ ಪುಸ್ತಕದ ಪುಟ? ವೇದವಾಕ್ಯಗಳ ಅರ್ಥ ನಿರ್ಣಯಿಸುವ ಶಾಸ್ತ್ರದವರಾದ ಮೀಮಾಂಸಕರ ಮಟ್ಟಿಗೆ ವೇದವನ್ನು ಮನುಷ್ಯರು ರಚಿಸಲಿಲ್ಲ ಅಷ್ಟೇ ಅಲ್ಲ, ದೇವರೂ ರಚಿಸಲಿಲ್ಲ, ಅದು ಅಪೌರುಷೇಯ. ಮನುಷ್ಯರ ಕೈ ತಾಗಿಲ್ಲ ಎಂದು ಇಷ್ಟು ಗಟ್ಟಿಯಾಗಿ ಹೇಳಿಕೊಂಡ ಗ್ರಂಥ ಇನ್ನೊಂದು ಸಿಗುವುದು ಕಷ್ಟ. ಅದರಲ್ಲೇ ಬೆರಳಚ್ಚು ಹುಡುಕೋಣ.

ಋಕ್ಕು ಇರುವ ಜಾಗ

ಮೂಲ ಹೀಗಿದೆ:

ಇಮಾ ನಾರೀರವಿಧವಾಃ ಸುಪತ್ನೀರಾಂಜನೇನ ಸರ್ಪಿಷಾ ಸಂ ವಿಶಂತು |
ಅನಶ್ರವೋಽನಮೀವಾಃ ಸುರತ್ನಾ ಆ ರೋಹಂತು ಜನಯೋ ಯೋನಿಮಗ್ರೇ ||

ವಿಧವೆಯರಲ್ಲದ, ಒಳ್ಳೆಯ ಗಂಡಂದಿರಿರುವ ಈ ಹೆಂಗಸರು ಕಣ್ಣಿಗೆ ತುಪ್ಪದ ಕಾಡಿಗೆ ಹಚ್ಚಿಕೊಂಡು ಒಳಗೆ ಬರಲಿ. ಕಣ್ಣೀರಿಲ್ಲದೆ, ರೋಗವಿಲ್ಲದೆ, ಒಡವೆ ತೊಟ್ಟ ಈ ಗೃಹಿಣಿಯರು ಮೊದಲಿಗೆ ತಮ್ಮ ನೆಲೆಗೆ ಏರಲಿ. ಇದು ಸಾವಿನ ಮನೆಯ ಮಂತ್ರವೇ ಹೌದು. ಆದರೆ ಸತ್ತವನ ಹೆಂಡತಿಯನ್ನು ಕುರಿತದ್ದಲ್ಲ. ಋಕ್ಕಿನ ಮೊದಲ ಸಾಲಿನಲ್ಲೇ ‘ಅವಿಧವಾಃ’ ಎಂದಿದೆ. ಅಂತ್ಯಕ್ರಿಯೆಗೆ ಬಂದ ಮುತ್ತೈದೆಯರು ಅಳು ನಿಲ್ಲಿಸಿ, ಕಣ್ಣಿಗೆ ಕಾಡಿಗೆ ಹಚ್ಚಿ, ಬದುಕಿಗೆ ಮರಳುವ ಗಳಿಗೆ ಅದು. ಆಶ್ವಲಾಯನ ಗೃಹ್ಯಸೂತ್ರವೂ ಈ ಋಕ್ಕನ್ನು ಯುವತಿಯರು ದರ್ಭೆಯ ಎಳೆಯಿಂದ ಕಣ್ಣಿಗೆ ಅಂಜನ ಹಚ್ಚಿಕೊಳ್ಳುವ ಸಂದರ್ಭಕ್ಕೆ ಕೊಟ್ಟಿದೆ. ‘ಅಗ್ನೇಃ’ ಎಂದೇ ಓದಿದರೆ ಏನಾಗುತ್ತದೆ ನೋಡಿ: ಗಂಡ ಬದುಕಿರುವ ನೆಂಟರಿಷ್ಟರ ಹೆಂಡತಿಯರೆಲ್ಲ ಸಾಲಾಗಿ ಬೆಂಕಿಗೆ ನಡೆಯಬೇಕು, ವಿಧವೆಯೊಬ್ಬಳು ಮಾತ್ರ ಉಳಿಯಬೇಕು! ಪದ ಬದಲಾದಾಗ ಈ ಅಸಂಗತಿ ಯಾರ ಕಣ್ಣಿಗೂ ಬೀಳಲಿಲ್ಲವೇ, ಬಿದ್ದರೂ ಬೇಡವಾಯಿತೇ?

ಸತ್ತವನ ಹೆಂಡತಿಯ ಮಾತು ಬರುವುದು ಮುಂದಿನ ಋಕ್ಕಿನಲ್ಲಿ. ಆಕೆ ಗಂಡನ ಶವದ ಪಕ್ಕದಲ್ಲಿ ಮಲಗಿದ್ದಾಳೆ. ‘ಉದೀರ್ಷ್ವ ನಾರಿ’ ಎನ್ನುತ್ತದೆ ಮಂತ್ರ. ಏಳು ಹೆಣ್ಣೇ, ಬದುಕಿರುವವರ ಲೋಕದ ಕಡೆಗೆ. ಉಸಿರು ಹೋದವನ ಪಕ್ಕ ಮಲಗಿದ್ದೀಯೆ, ಬಾ. ಆಕೆಯ ಕೈಹಿಡಿದು ಎಬ್ಬಿಸುವವನು ಗಂಡನ ತಮ್ಮನೋ, ಶಿಷ್ಯನೋ, ಮನೆಯ ಹಳೆಯ ಆಳೋ ಆಗಬಹುದೆಂದು ಅದೇ ಗೃಹ್ಯಸೂತ್ರ ಹೇಳುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ಭಾಷ್ಯ ಬರೆದ ಸಾಯಣರೂ ಏಳನೆಯ ಋಕ್ಕಿನ ‘ಯೋನಿ’ಗೆ ಮನೆ ಎಂದೂ ‘ಅಗ್ರೇ’ಗೆ ಎಲ್ಲರಿಗಿಂತ ಮೊದಲು ಎಂದೂ ಅರ್ಥ ಹೇಳುತ್ತಾರೆ. ಅವರ ಮುಂದಿದ್ದ ಪಾಠದಲ್ಲಿ ಬೆಂಕಿ ಇರಲಿಲ್ಲ.

ಬೆಂಕಿ ಒಳಗೆ ಬಂದ ಬಗೆ

ಬೆಂಕಿಯ ಪಾಠ ಹದಿನಾರನೆಯ ಶತಮಾನದ ಬಂಗಾಳದ ಸ್ಮೃತಿಕಾರ ರಘುನಂದನನ ಹೆಸರಿನೊಂದಿಗೆ ತಳುಕು ಹಾಕಿಕೊಂಡಿದೆ. 1795ರಲ್ಲಿ ಕಂಪನಿಯ ಅಧಿಕಾರಿ, ಸಂಸ್ಕೃತ ವಿದ್ವಾಂಸ ಕೋಲ್‌ಬ್ರೂಕ್ ಹಿಂದೂ ವಿಧವೆಯ ಕರ್ತವ್ಯಗಳ ಬಗ್ಗೆ ಇಂಗ್ಲಿಷಿನಲ್ಲಿ ಲೇಖನ ಪ್ರಕಟಿಸಿದಾಗ ಅನುವಾದಿಸಿದ್ದೂ ಬೆಂಕಿಯ ಪಾಠವನ್ನೇ. ಸತಿಗೆ ವೇದದ ಒಪ್ಪಿಗೆ ಇದೆ ಎಂಬ ಮಾತು ಯುರೋಪಿಗೂ ಹಾಗೆ ತಲುಪಿತು.

ತಪ್ಪನ್ನು ಮುದ್ರಣದಲ್ಲಿ ಎತ್ತಿ ತೋರಿಸಿದ್ದು ಸಂಸ್ಕೃತ ವಿದ್ವಾಂಸ ಎಚ್. ಎಚ್. ವಿಲ್ಸನ್, 1854ರಲ್ಲಿ. ಎರಡು ವರ್ಷದ ಬಳಿಕ ಮ್ಯಾಕ್ಸ್ ಮುಲ್ಲರ್ ಇದನ್ನು ಪುರೋಹಿತರ ಹಸಿ ಮೋಸವೆಂದು ಕರೆದ. ಆ ಬೈಗುಳ ಎಷ್ಟು ಜನಪ್ರಿಯವಾಯಿತೆಂದರೆ ಇವತ್ತಿಗೂ ಇಡೀ ಕಥೆಯನ್ನು ಜನ ಅದೇ ರೂಪದಲ್ಲಿ ಹೇಳುತ್ತಾರೆ: ವೇದ ಶುದ್ಧವಾಗಿತ್ತು, ಪುರೋಹಿತರು ಒಂದಕ್ಷರ ತಿದ್ದಿದರು, ಸಾವಿರಾರು ಹೆಂಗಸರು ಸುಟ್ಟುಹೋದರು.

ತಿದ್ದಿದ್ದೇ ಆದರೆ ಸಿಕ್ಕಿಬೀಳದೆ ಹೋದದ್ದು ಹೇಗೆ? ವೇದವನ್ನು ಬಾಯಲ್ಲಿ ಕಾಪಾಡಿದ ರೀತಿಯನ್ನು ಬಲ್ಲವರಿಗೆ ಈ ಪ್ರಶ್ನೆ ಸಣ್ಣದಲ್ಲ. ಪದಪಾಠ, ಕ್ರಮಪಾಠ, ಜಟಾಪಾಠ, ಘನಪಾಠ ಎಂದು ಹಿಂದುಮುಂದಾಗಿ ಹೆಣೆದು ಹೇಳುವಾಗ ಒಂದು ಸ್ವರ ತಪ್ಪಿದರೂ ಗುರು ನಿಲ್ಲಿಸುತ್ತಾರೆ. ಅಗ್ರೇ ಎಂಬಲ್ಲಿ ಉದಾತ್ತ ಸ್ವರ ಮೊದಲ ಅಕ್ಷರದ ಮೇಲೆ ಬೀಳುತ್ತದೆ. ಅಗ್ನೇಃ ಎಂಬಲ್ಲಿ ಎರಡನೆಯದರ ಮೇಲೆ. ಸ್ವರ ಹಾಕಿ ಹೇಳುವ ವೈದಿಕನ ನಾಲಿಗೆಯಲ್ಲಿ ಈ ಎರಡು ಪದಗಳು ಅದಲುಬದಲಾಗುವುದು ಸುಲಭವಲ್ಲ. ಆದರೆ ಧರ್ಮಶಾಸ್ತ್ರದ ನಿಬಂಧಗಳನ್ನು ಬರೆಯುವವರು ಋಕ್ಕನ್ನು ಸ್ವರಚಿಹ್ನೆ ಇಲ್ಲದೆ ಉದ್ಧರಿಸುತ್ತಾರೆ. ಎರಡೂ ಪದಗಳಿಗೆ ಎರಡೆರಡೇ ಅಕ್ಷರವಾದ್ದರಿಂದ ಛಂದಸ್ಸೂ ಮುರಿಯುವುದಿಲ್ಲ. ಪಾಠಶಾಲೆಯಲ್ಲಿ ‘ಅಗ್ರೇ’ ಎಂದು ಘನ ಹೇಳುತ್ತಿದ್ದ ಹೊತ್ತಿನಲ್ಲೇ, ಓಲೆಯ ಮೇಲೆ ‘ಅಗ್ನೇಃ’ ಎಂದು ಬರೆದದ್ದು ನಿಶ್ಚಿಂತೆಯಿಂದ ಉಳಿಯಬಹುದಿತ್ತು. ಬಾಯಿಯ ವೇದ ಬೇರೆ, ತೀರ್ಪು ಕೊಡಲು ಬಳಸುವ ವೇದ ಬೇರೆ.

ಬೇಕೆಂದೇ ತಿದ್ದಿದರೋ, ಲಿಪಿಕಾರನ ಕೈ ತಪ್ಪಿತೋ? ಧರ್ಮಶಾಸ್ತ್ರದ ಇತಿಹಾಸ ಬರೆದ ಪಾಂಡುರಂಗ ವಾಮನ ಕಾಣೆ ಮೋಸದ ಆರೋಪವನ್ನು ಒಪ್ಪಲಿಲ್ಲ. ನನಗೂ ಆ ಆರೋಪ ಸಾಲದು ಎನಿಸುತ್ತದೆ, ಆದರೆ ಬೇರೆ ಕಾರಣಕ್ಕೆ. ಮೋಸದ ಕಥೆ ಬಹಳ ಹಿತವಾಗಿದೆ. ಒಬ್ಬ ಕಳ್ಳ, ಒಂದು ಅಕ್ಷರ. ಕಳ್ಳನನ್ನು ಹಿಡಿದರೆ ಮುಗಿಯಿತು, ಶಾಸ್ತ್ರವೂ ಶುದ್ಧ, ನಾವೂ ಶುದ್ಧ. ನಡೆದದ್ದು ಅಷ್ಟು ಸರಳವಲ್ಲ. ವಿಲ್ಸನ್ನರ ಲೇಖನಕ್ಕೆ ರಾಧಾಕಾಂತ ದೇವ ಉತ್ತರ ಬರೆದರು. ‘ಶಬ್ದಕಲ್ಪದ್ರುಮ’ ಎಂಬ ದೊಡ್ಡ ಸಂಸ್ಕೃತ ನಿಘಂಟನ್ನು ಕಟ್ಟಿದ ವಿದ್ವಾಂಸರು ಅವರು, ಹೆಣ್ಣುಮಕ್ಕಳ ಓದಿಗೆ ಬೆಂಬಲ ಕೊಟ್ಟವರು, ಆದರೂ ಸತಿಯ ನಿಷೇಧವನ್ನು ವಿರೋಧಿಸಿದವರ ಮುಂದಾಳು. ಆ ಋಕ್ಕು ಹೋದರೆ ಹೋಗಲಿ, ಯಜುರ್ವೇದದ ಔಖ್ಯ ಶಾಖೆಯಲ್ಲಿ ಬೇರೆ ಮಂತ್ರವಿದೆ ಎಂದರು. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ಸಿಕ್ಕಿತು. ಹುಡುಕುವವರಿಗೆ ಬೇಕಾಗಿದ್ದದ್ದು ಬಾಗಿಲು.

ಕಲ್ಯಾಣದ ಪಂಡಿತ, ಮತ್ತು ಅವನಿಗಿಂತ ಮೊದಲಿನವನು

ಈ ಪ್ರಕರಣದ ತಿರುಳು ನನ್ನ ಪ್ರಕಾರ ತಪ್ಪು ಪಾಠದಲ್ಲಿ ಇಲ್ಲ. ಸರಿಯಾದ ಪಾಠವನ್ನೇ ಹಿಡಿದ ಇಬ್ಬರು ಪಂಡಿತರಲ್ಲಿ ಇದೆ.

ಮನುಸ್ಮೃತಿಗೆ ಭಾಷ್ಯ ಬರೆದ ಮೇಧಾತಿಥಿ ವಿಜ್ಞಾನೇಶ್ವರನಿಗಿಂತ ಹಿಂದಿನವನು. ವಿಜ್ಞಾನೇಶ್ವರ ನಮ್ಮವನು, ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಆರಂಭದ ಹೊತ್ತಿಗೆ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಬರೆದವನು. ಇಬ್ಬರ ಮುಂದೆಯೂ ಇದ್ದ ಶ್ರುತಿವಾಕ್ಯ, ಅಂದರೆ ವೇದದ ಮಾತು, ಒಂದೇ: ಸ್ವರ್ಗ ಬೇಕೆಂದು ಆಯುಷ್ಯ ಮುಗಿಯುವ ಮುನ್ನ ಸಾಯಬಾರದು. ಇಬ್ಬರ ಮುಂದೆಯೂ ಇದ್ದ ಸ್ಮೃತಿಯ ಮಾತೂ ಒಂದೇ: ಗಂಡ ಸತ್ತಾಗ ಬೆಂಕಿಗೆ ಬಿದ್ದವಳು ಸ್ವರ್ಗದಲ್ಲಿ ಮೆರೆಯುತ್ತಾಳೆ ಎಂದು ಅಂಗಿರಸನ ಹೆಸರಿನಲ್ಲಿ ಬರುವ ವಚನ. ಶ್ರುತಿ ಮತ್ತು ಸ್ಮೃತಿ ಎದುರುಬದುರಾದರೆ ಶ್ರುತಿಯೇ ಗೆಲ್ಲಬೇಕು ಎಂಬ ನಿಯಮವನ್ನೂ ಇಬ್ಬರೂ ಒಪ್ಪಿದವರು.

ಮೇಧಾತಿಥಿ ಹೇಳಿದ್ದು: ಗಂಡಸಿಗೆ ಆತ್ಮಹತ್ಯೆ ನಿಷಿದ್ಧವಾದಂತೆ ಹೆಂಗಸಿಗೂ ನಿಷಿದ್ಧ. ಅಂಗಿರಸನ ಮಾತು ಶ್ಯೇನಯಾಗದ ಮಾತಿನಂಥದು. ಶತ್ರುವನ್ನು ಕೊಲ್ಲಲು ಬಯಸುವವನಿಗೆ ಶ್ಯೇನಯಾಗದ ವಿಧಾನ ವೇದದಲ್ಲೇ ಇದೆ, ಹಾಗೆಂದು ಕೊಲ್ಲುವುದು ಧರ್ಮವಾಗುವುದಿಲ್ಲ. ಈ ಹೋಲಿಕೆಯನ್ನು ನಾನು ಎಷ್ಟು ಸಲ ಓದಿದರೂ ತಲೆದೂಗುತ್ತೇನೆ. ಪುಸ್ತಕದಲ್ಲಿ ಇರುವುದಕ್ಕೂ ಪುಸ್ತಕ ಮಾಡು ಎನ್ನುವುದಕ್ಕೂ ನಡುವೆ ಅಂತರವಿದೆ ಎಂದು ಹೇಳಿದವನು ಸುಧಾರಕನಲ್ಲ, ಕಟ್ಟಾ ಸಂಪ್ರದಾಯಸ್ಥ.

ವಿಜ್ಞಾನೇಶ್ವರ ಅದೇ ಶ್ರುತಿವಾಕ್ಯವನ್ನು ಎದುರಿಗಿಟ್ಟುಕೊಂಡು ಅದರ ವ್ಯಾಪ್ತಿಯನ್ನು ಕಡಿಮೆ ಮಾಡಿದ. ಆ ವಾಕ್ಯ ಮೋಕ್ಷ ಬಯಸುವವರಿಗೆ. ಸ್ವರ್ಗದ ಸುಖ ಬಯಸುವವಳಿಗೆ ಅದು ಅಡ್ಡಿಯಲ್ಲ. ಬ್ರಾಹ್ಮಣ ಹೆಂಗಸು ಬೇರೆ ಚಿತೆಯನ್ನು ಏರಬಾರದು ಎಂಬ ನಿಷೇಧವಿತ್ತಲ್ಲ, ಅದು ಬೇರೆ ಚಿತೆಗೆ ಮಾತ್ರ, ಗಂಡನ ಚಿತೆಗೆ ಅಲ್ಲ. ಕೊನೆಗೆ ಬಸುರಿಯರನ್ನೂ ಎಳೆಯ ಮಕ್ಕಳ ತಾಯಂದಿರನ್ನೂ ಬಿಟ್ಟು, ಚಂಡಾಲರವರೆಗೆ ಎಲ್ಲ ಹೆಂಗಸರಿಗೂ ಇದು ಸಮಾನ ಧರ್ಮವೆಂದು ಮುಗಿಸಿದ. ಒಂದಕ್ಷರವನ್ನೂ ಅವನು ತಿದ್ದಲಿಲ್ಲ. ತಿದ್ದುವ ಅಗತ್ಯವೂ ಬೀಳಲಿಲ್ಲ.

ಇದೇ ಮಿತಾಕ್ಷರಾದ ವ್ಯವಹಾರಾಧ್ಯಾಯಕ್ಕೆ ಬನ್ನಿ. ಸ್ತ್ರೀಧನವೆಂದರೆ ಯಾವುದು ಎಂದು ಹೇಳುವ ಯಾಜ್ಞವಲ್ಕ್ಯನ ಶ್ಲೋಕದಲ್ಲಿ ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು ಮುಂತಾದುವನ್ನು ಎಣಿಸಿ ‘ಆದ್ಯ’ ಎಂದಿದೆ. ಇತ್ಯಾದಿ ಎಂದರ್ಥ. ಎಲ್ಲರೂ ದಾಟಿಹೋಗುವಂಥ ಪುಟ್ಟ ಪದ. ವಿಜ್ಞಾನೇಶ್ವರ ಅಲ್ಲಿ ನಿಂತ. ವಾರಸುದಾರಿಕೆಯಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು, ಎಲ್ಲವೂ ಆ ‘ಇತ್ಯಾದಿ’ಯಲ್ಲಿ ಸೇರುತ್ತದೆ, ಎಲ್ಲವೂ ಸ್ತ್ರೀಧನವೇ ಎಂದ. ಹೆಂಗಸಿನ ಆಸ್ತಿಯ ಹಕ್ಕು ಆ ಒಂದು ಪದದೊಳಗೆ ಅಷ್ಟು ಅಗಲವಾಯಿತು. ಒಂದೇ ಗ್ರಂಥ, ಒಂದೇ ಲೇಖನಿ. ಒಂದು ಕಡೆ ಶ್ರುತಿಯ ವಾಕ್ಯವನ್ನು ಕಿರಿದು ಮಾಡಿ ಚಿತೆಗೆ ದಾರಿ ಬಿಟ್ಟಿತು, ಇನ್ನೊಂದು ಕಡೆ ಸ್ಮೃತಿಯ ಪದವನ್ನು ಹಿಗ್ಗಿಸಿ ತಿಜೋರಿಯ ಕೀಲಿಕೈ ಕೊಟ್ಟಿತು. ಇವನನ್ನು ಸ್ತ್ರೀವಿರೋಧಿ ಎನ್ನೋಣವೇ, ಸ್ತ್ರೀಪಕ್ಷಪಾತಿ ಎನ್ನೋಣವೇ? ಎರಡೂ ಕಡೆ ಅವನು ತಾನು ಶಾಸ್ತ್ರವನ್ನು ಓದುತ್ತಿದ್ದೇನೆ, ಅಷ್ಟೇ, ಎಂದು ನಂಬಿದ್ದಿರಬೇಕು.

ಮನುಸ್ಮೃತಿಯಲ್ಲಿ ಸತಿಯ ವಿಧಿಯೇ ಇಲ್ಲ ಎಂದು ಸಮಾಧಾನಪಡುವವರಿದ್ದಾರೆ. ಇಲ್ಲ, ನಿಜ. ಅದರ ಬದಲು ಹೂವು, ಬೇರು, ಹಣ್ಣು ತಿಂದು ಮೈಯನ್ನು ಸವೆಸಬೇಕು, ಇನ್ನೊಬ್ಬ ಗಂಡಸಿನ ಹೆಸರನ್ನೂ ಎತ್ತಬಾರದು ಎಂದಿದೆ.

ಸರಕಾರವೂ ಭಾಷ್ಯಕಾರನಾದದ್ದು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಂಪನಿ ಸರಕಾರ ಪಂಡಿತರನ್ನು ಕೇಳಿ ಸತಿಗೆ ನಿಯಮ ಮಾಡಿತು. ಬಸುರಿಯಾಗಿರಬಾರದು, ಹದಿನಾರರೊಳಗಿನವಳಾಗಿರಬಾರದು, ಮದ್ದು ಕುಡಿಸಿರಬಾರದು, ಒಪ್ಪಿಗೆ ಇರಬೇಕು. ಕಲ್ಯಾಣದ ಪಂಡಿತ ಬರೆದ ವಿನಾಯಿತಿಯ ನೆರಳು ಪೊಲೀಸರ ಸುತ್ತೋಲೆಯಲ್ಲಿ ಕಾಣುತ್ತದೆ. ಬಂಗಾಳ ಪ್ರಾಂತ್ಯದಲ್ಲಿ 1815ರಲ್ಲಿ ದಾಖಲಾದ ಪ್ರಕರಣಗಳು 378, 1818ರಲ್ಲಿ 839. 1815ರಿಂದ 1828ರವರೆಗೆ ಒಟ್ಟು 8,134. ಶಾಸ್ತ್ರಸಮ್ಮತವಾದರೆ ಸುಡಬಹುದು ಎಂಬ ಚೀಟಿಯನ್ನು ಸರಕಾರವೇ ಕೊಟ್ಟಂತಾಗಿತ್ತು.

ರಾಮಮೋಹನ ರಾಯ್ 1818ರಲ್ಲಿ ಬಂಗಾಳಿಯಲ್ಲಿ ಪ್ರಕಟಿಸಿದ ಪುಸ್ತಿಕೆ ಪ್ರವರ್ತಕ ಮತ್ತು ನಿವರ್ತಕ ಎಂಬ ಇಬ್ಬರ ಸಂವಾದ. ಒಬ್ಬ ಸತಿಯ ಪರ, ಇನ್ನೊಬ್ಬ ವಿರೋಧ. ರಾಮಮೋಹನರ ವಾದ ನಿಂತದ್ದು ಒತ್ತಕ್ಷರದ ಮೇಲಲ್ಲ. ಸ್ವರ್ಗದ ಆಸೆಯಿಂದ ಮಾಡುವುದು ಕಾಮ್ಯಕರ್ಮ, ಗೀತೆಯ ಪ್ರಕಾರ ಅದು ಕೀಳು ಎಂದು ಅವರು ಪಟ್ಟು ಹಾಕಿದರು. ವಿಜ್ಞಾನೇಶ್ವರ ಯಾವ ಸ್ವರ್ಗಕಾಮನೆಯನ್ನು ವಿನಾಯಿತಿಯಾಗಿ ಬಳಸಿದನೋ ಅದನ್ನೇ ಇವರು ದೋಷವಾಗಿ ತಿರುಗಿಸಿದರು. ಎರಡನೆಯ ಸಂವಾದದಲ್ಲಿ ಪ್ರವರ್ತಕ ಹೆಂಗಸರಿಗೆ ಬುದ್ಧಿ ಕಡಿಮೆ ಎನ್ನುತ್ತಾನೆ. ಅವರ ಬುದ್ಧಿಯನ್ನು ನೀವು ಪರೀಕ್ಷಿಸಿದ್ದು ಯಾವಾಗ ಎಂದು ಕೇಳುತ್ತಾನೆ ನಿವರ್ತಕ. ವಿದ್ಯೆಯೇ ಕೊಡದೆ ದಡ್ಡರೆನ್ನುವುದು ಯಾವ ನ್ಯಾಯ? ಆಮೇಲೆ ಓದಿಕೊಂಡ ಹೆಂಗಸರ ಹೆಸರು ಹೇಳುತ್ತಾನೆ: ಲೀಲಾವತಿ, ಭಾನುಮತಿ, ಕಾಳಿದಾಸನ ಹೆಂಡತಿ, ಮತ್ತು ಕರ್ಣಾಟದ ರಾಜನ ಪತ್ನಿ. ಕಲ್ಕತ್ತೆಯ ಜಗಳದಲ್ಲಿ ಹೆಸರಿಲ್ಲದ ನಮ್ಮ ರಾಣಿಯೊಬ್ಬಳು ಸಾಕ್ಷಿ ಹೇಳಿ ಹೋಗಿದ್ದಾಳೆ.

1829ರ ಡಿಸೆಂಬರ್ 4ರಂದು ಗವರ್ನರ್ ಜನರಲ್ ಬೆಂಟಿಂಕ್ ನಿಷೇಧ ಹೊರಡಿಸಿದ. ಅದಕ್ಕೆ ಮುಂಚೆ ಸಲಹೆ ಕೇಳಿದಾಗ ಬೇಡವೆಂದವರಲ್ಲಿ ವಿಲ್ಸನ್ನರೂ ಇದ್ದರು. ಮುಂದೆ 1854ರಲ್ಲಿ ಋಕ್ಕನ್ನು ತಿದ್ದಿ ತೋರಿಸಿದ ಅದೇ ವಿಲ್ಸನ್, ಹೌದು! ಕಾನೂನಿನಿಂದ ಥಟ್ಟನೆ ನಿಷೇಧಿಸುವುದಕ್ಕೆ ರಾಮಮೋಹನರೂ ಹಿಂಜರಿದಿದ್ದರು. ನಿಷೇಧದ ಪೀಠಿಕೆಯನ್ನು ಓದಿದರೆ ಗವರ್ನರ್ ಜನರಲ್ ಕೂಡ ಭಾಷ್ಯ ಬರೆಯುತ್ತಿದ್ದಾನೆ: ಹಿಂದೂ ಧರ್ಮದಲ್ಲಿ ಸತಿ ಎಲ್ಲೂ ಕಡ್ಡಾಯವಲ್ಲ, ವಿಧವೆ ಪರಿಶುದ್ಧಳಾಗಿ ಏಕಾಂತದಲ್ಲಿ ಬದುಕುವುದೇ ಮೇಲು ಎಂದು ಶಾಸ್ತ್ರ ಹೇಳುತ್ತದೆ. ಬೆಂಕಿ ಆರಿತು. ಬೇರು ತಿಂದು ಮೈ ಸವೆಸುವ ಮನುವಿನ ವಿಧವೆಗೆ ಸರಕಾರದ ಮೊಹರು ಬಿತ್ತು. ಪ್ರಿವಿ ಕೌನ್ಸಿಲಿಗೆ ಹೋದ ಮೇಲ್ಮನವಿ 1832ರಲ್ಲಿ ವಜಾ ಆಯಿತು.

ದೇವರದೋ, ಮನುಷ್ಯರದೋ

ನಂಬಿಕೆಯುಳ್ಳ ಗೆಳೆಯರು ಇಲ್ಲೊಂದು ತಕರಾರು ಎತ್ತುತ್ತಾರೆ, ಅದರಲ್ಲಿ ಹುರುಳಿದೆ. ಓದಿದವರು ತಪ್ಪಿದರೆ ಓದಿಸಿಕೊಂಡದ್ದು ಹೇಗೆ ಮನುಷ್ಯರದಾಗುತ್ತದೆ? ಆಗುವುದಿಲ್ಲ. ವೇದ ಎಲ್ಲಿಂದ ಬಂತು ಎಂಬುದನ್ನು ಈ ಪ್ರಕರಣ ತೀರ್ಮಾನಿಸಲಾರದು. ‘ಹೆಂಡತಿ ಗಂಡನ ಹಿಂದೆ ಬೆಂಕಿಗೆ ಬೀಳಬೇಕು’ ಎಂಬ ಪಾತ್ರ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಅದು ತೋರಿಸುತ್ತದೆ. ಯಾವ ವಾಕ್ಯ ವಿಧಿ, ಯಾವುದು ಬರಿಯ ಸ್ತುತಿ, ಯಾವುದು ಯಾರಿಗೆ ಅನ್ವಯ, ಯಾವುದಕ್ಕೆ ಎಷ್ಟು ವಿನಾಯಿತಿ ಎಂದು ಗೆರೆ ಎಳೆದವರೆಲ್ಲ ಮನುಷ್ಯರು. ಇಲ್ಲಿ ಹೆಸರಿಸಿದ ಅವರಲ್ಲಿ ಒಬ್ಬಳೂ ಹೆಂಗಸಿಲ್ಲ. ವೇದದಲ್ಲಿ ಸಿಗದ ಮಾತನ್ನು ಕಳೆದುಹೋದ ಯಾವುದೋ ಶಾಖೆಯಲ್ಲಿ ಇದ್ದಿರಬೇಕೆಂದು ಊಹಿಸಿಕೊಳ್ಳಲು ಮೀಮಾಂಸೆಯೇ ಅನುಮತಿ ಕೊಡುತ್ತದೆ. ಅನುಮಿತ ಶ್ರುತಿ ಎಂದು ಅದಕ್ಕೆ ಹೆಸರು. ಅಪೌರುಷೇಯದ ಗೋಡೆಯಲ್ಲಿ ಪುರುಷರಿಗೆಂದೇ ಬಿಟ್ಟ ಕಿಂಡಿ ಅದು ಎಂದು ನನಗೆ ಅನಿಸಿದೆ.

ಈ ಮಾತು ಸುಧಾರಕರಿಗೂ ತಾಗುತ್ತದೆ. ಎಂಟನೆಯ ಋಕ್ಕಿನಲ್ಲಿ ‘ದಿಧಿಷು’ ಎಂಬ ಪದವಿದೆ. ಅದನ್ನು ಹಿಡಿದು ವೇದ ವಿಧವೆಗೆ ಮರುಮದುವೆ ವಿಧಿಸುತ್ತದೆ ಎಂದವರಿದ್ದಾರೆ. ಇರಬಹುದು, ಇರದೆಯೂ ಇರಬಹುದು; ಕೈಹಿಡಿದವನು ಸತ್ತ ಗಂಡನೇ ಎಂದು ಓದಿದವರೂ ಉಂಟು. ನನಗೆ ಮೊದಲ ಓದು ಇಷ್ಟ. ಇಷ್ಟವಾದದ್ದೇ ಸರಿ ಎಂದುಕೊಂಡರೆ ನಾನೂ ಒತ್ತಕ್ಷರ ಬದಲಿಸಿದಂತೆಯೇ.

ಕಲ್ಲಿನ ತೋಳು

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ಏಚ ಎಂಬವನನ್ನು ರಾಜ ಕೊಲ್ಲಿಸಿದ ಸುದ್ದಿ ಬಂದಾಗ ಅವನ ಹೆಂಡತಿ ದೇಕಬ್ಬೆ ಬೆಂಕಿಗೆ ಸಿದ್ಧಳಾಗುತ್ತಾಳೆ. ತಂದೆತಾಯಿ ಬೇಡವೆಂದು ತಡೆಯುತ್ತಾರೆ. ಅವಳು ಕೇಳುವುದಿಲ್ಲ, ದಾನ ಕೊಟ್ಟು, ಕೈಮುಗಿದು, ಒಳಗೆ ಹೋಗುತ್ತಾಳೆ. ಅಲ್ಲಿ ನಡೆಯುವ ವಾದ ಋಕ್ಕಿನದಲ್ಲ, ಹೆತ್ತವರ ಮತ್ತು ಮಗಳ ನಡುವಿನದು. ವಿಜ್ಞಾನೇಶ್ವರ ಆಗಿನ್ನೂ ಬರೆದಿರಲಿಲ್ಲ. ರಘುನಂದನ ಹುಟ್ಟಲು ನಾಲ್ಕು ಶತಮಾನಕ್ಕೂ ಹೆಚ್ಚು ಕಾಲವಿತ್ತು. ಶಾಸ್ತ್ರ ಅಪ್ಪಣೆ ಕೊಡುವ ಮೊದಲೇ ಊರಿನ ಮರ್ಯಾದೆ ಅಪ್ಪಣೆ ಕೊಟ್ಟಾಗಿತ್ತು. ಪಂಡಿತರು ಆಮೇಲೆ ಬಂದು ಕಾಗದಪತ್ರ ಸರಿಮಾಡಿದರು.

1987ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ದೇವರಾಲಾದಲ್ಲಿ ಹದಿನೆಂಟು ವರ್ಷದ ರೂಪ್ ಕಂವರ್ ಗಂಡನ ಚಿತೆಯಲ್ಲಿ ಸುಟ್ಟುಹೋದ ಮೇಲೆ ಬಂದ ಕೇಂದ್ರದ ಕಾಯ್ದೆಯೂ ಬೆಂಟಿಂಕನ ಹಾಗೆ ಪೀಠಿಕೆಯಲ್ಲಿ, ಭಾರತದ ಯಾವ ಧರ್ಮವೂ ಸತಿಯನ್ನು ಕಡ್ಡಾಯ ಕರ್ತವ್ಯವೆಂದು ವಿಧಿಸಿಲ್ಲ ಎಂದಿತು. ಆದರೆ ಆಕೆ ಸ್ವ ಇಚ್ಛೆಯಿಂದ ಹೋದಳು ಎಂದು ಹೇಳಿದರೂ, ಹೇಳದಿದ್ದರೂ ಅಪರಾಧವೇ ಎಂದಿತು. ಸತಿಯ ವೈಭವೀಕರಣವನ್ನೂ ಅಪರಾಧವಾಗಿಸಿತು.

ಸತಿ ಹೋದವರ ನೆನಪಿಗೆ ನಿಲ್ಲಿಸಿದ ನಮ್ಮ ಊರುಗಳ ಮಾಸ್ತಿಕಲ್ಲುಗಳನ್ನು ಯಾರೂ ಕಿತ್ತಿಲ್ಲ. ಕೆರೆ ಏರಿಯ ಪಕ್ಕದಲ್ಲೋ ದೇವಸ್ಥಾನದ ಹಿಂದೆಯೋ ಅರ್ಧ ಹೂತು ನಿಂತಿರುತ್ತವೆ. ಅನೇಕ ಕಲ್ಲುಗಳಲ್ಲಿ ಇಡೀ ಹೆಂಗಸನ್ನು ಕೆತ್ತಿರುವುದಿಲ್ಲ. ಕಂಬದಿಂದ ಒಂದು ಬಲತೋಳು ಮಾತ್ರ ಹೊರಗೆ ಬಂದಿರುತ್ತದೆ, ಮೊಣಕೈಯಲ್ಲಿ ಬಾಗಿ, ಅಂಗೈ ಮೇಲಕ್ಕೆ. ಮಣಿಕಟ್ಟಿನಲ್ಲಿ ಬಳೆಗಳನ್ನು ಶಿಲ್ಪಿ ಒಂದೊಂದಾಗಿ ಬಿಡಿಸಿದ್ದಾನೆ, ಹೆಬ್ಬೆರಳು ತೋರುಬೆರಳ ನಡುವೆ ನಿಂಬೆಹಣ್ಣು. ಬಳೆ ಒಡೆಯದ ಕೈ ಅದು, ಅವಿಧವೆಯ ಕೈ.